ಒಳಗಿನ ಚಿಲಕಕ್ಕೆ ಎಣ್ಣೆ

ಹೊಸಪೇಟೆ
ಆಗಸ್ಟ್ 12, 2024

ಪ್ರೀತಿಯ ಅಕ್ಕ ಚೆನ್ನಬಸಮ್ಮನಿಗೆ,

ನಿನ್ನ ತಂಗಿ ಸುಕನ್ಯಾಳ ನಮಸ್ಕಾರ. ಪಂಚಮಿಗೆ ಬರುತ್ತೇನೆ ಎಂದು ಹೇಳಿ ಬರಲಿಲ್ಲ, ಒಂದು ಮಾತೂ ತಿಳಿಸಲಿಲ್ಲ. ಸಿಟ್ಟಾಗಿರುತ್ತೀಯ, ಆಗಬೇಕಾದದ್ದೇ. ಕೈಯಲ್ಲಿ ಫೋನಿದ್ದೂ ಇವಳೇಕೆ ಪತ್ರ ಬರೆದಳು, ಅದೂ ಕಂಪ್ಲಿಯ ಮನೆಗಲ್ಲದೆ ಮೆಟ್ರಿಯ ಅಂಗನವಾಡಿಗೆ ಏಕೆ ಕಳಿಸಿದಳು ಎಂದು ನಿನಗೆ ಅನ್ನಿಸಬಹುದು. ನಿನ್ನ ಫೋನನ್ನು ಮನೆಯಲ್ಲಿ ಯಾರು ಬೇಕಾದರೂ ಎತ್ತುತ್ತಾರೆ. ಅಂಗನವಾಡಿಯಲ್ಲಾದರೆ ಮಕ್ಕಳು ಮಲಗಿದ ಮೇಲೆ ನೀನೊಬ್ಬಳೇ ಕೂತು ಓದಬಹುದು.

ಇಲ್ಲಿ ಇವರು ಎಂದಿನಂತೆ ಹಂಪಿಯಲ್ಲಿ ಪ್ರವಾಸಿಗರಿಗೆ ಗುಡಿ ತೋರಿಸುತ್ತಾರೆ. ನಾನು ಅಂಗಡಿಯಲ್ಲಿ ಜಂಪರು ಹೊಲಿಯುತ್ತೇನೆ. ಪೂಜಿತಾಳಿಗೆ ತೋರಣಗಲ್ಲಿನಲ್ಲಿ ಲ್ಯಾಬ್ ಕೆಲಸ ಖಾಯಂ ಆಯಿತು. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಬಸ್ಸಿಳಿದು ಬಂದು, ಹಗಲೆಲ್ಲ ಮಲಗುತ್ತಾಳೆ. ಇಪ್ಪತ್ಮೂರರ ಮಗಳ ಮುಖ ಬಾಡಿದ್ದನ್ನು ಪಾಳಿಯ ದಣಿವು ಎಂದುಕೊಂಡಿದ್ದೆ.

ನಮ್ಮ ಹಳೆಯ ಗಾಡಿ ನಿನಗೆ ಗೊತ್ತಲ್ಲ, ಒಳಗೆ ಮಂಚ, ಒಲೆ, ಪುಟ್ಟ ಸಿಂಕು ಇರುವ ಕ್ಯಾಂಪರ್ ವ್ಯಾನು. ಮಳೆಗಾಲದಲ್ಲಿ ಸಂಡೂರಿನ ಹಸಿರು ನೋಡುವವರು ವಾರದ ಕೊನೆಗೆ ಬಾಡಿಗೆಗೆ ಒಯ್ಯುತ್ತಾರೆ. ಓಡಿಸುವವನು ಮೂಕಣ್ಣ. ಆದರೆ ಅದರ ಬೀಗ, ಬಿಜಾಗರಿ, ಚಿಲಕಗಳ ಉಪಚಾರವೆಲ್ಲ ನನ್ನದು. ಸಂಡೂರಿಗೆ ಹೋಗಿ ಬಂದರೆ ಅದಿರಿನ ಕೆಂಪು ಧೂಳು ಸಂದುಸಂದಿನಲ್ಲಿ ಕೂತಿರುತ್ತದೆ. ಹಳೇ ಬ್ರಷ್ಷಿನಿಂದ ತಿಕ್ಕಿ ತೆಗೆಯುತ್ತೇನೆ. ಬೀಗದ ತೂತಿಗೆ ಎಣ್ಣೆ ಬಿಟ್ಟರೆ ಧೂಳು ಅಂಟಿ ಕೀಲಿ ಕಚ್ಚಿಕೊಳ್ಳುತ್ತದೆ, ಹಾಗಾಗಿ ಪೆನ್ಸಿಲಿನ ಕಡ್ಡಿ ಪುಡಿ ಮಾಡಿ ಊದುತ್ತೇನೆ. ಹಿಂಬಾಗಿಲು ಭಾರ. ಮೇಲಿನ ಬಿಜಾಗರಿಯ ಪಿನ್ನು ಸವೆದು ಬಾಗಿಲು ಜೋತುಬಿದ್ದಿತ್ತು. ಸ್ವಲ್ಪ ಎತ್ತಿ ಹಿಡಿಯದೆ ಹಾಕಲು ಬರುತ್ತಿರಲಿಲ್ಲ, ತೆಗೆದರೆ ಓಣಿಗೆಲ್ಲ ಕೇಳುವ ಹಾಗೆ ಕಿರುಗುಟ್ಟುತ್ತಿತ್ತು. ಹುಸೇನಪ್ಪನ ಗ್ಯಾರೇಜಿಗೆ ಒಯ್ದು ಹೊಸ ಪಿನ್ನು ಹಾಕಿಸಬೇಕು ಅಂದುಕೊಳ್ಳುತ್ತಲೇ ದಿನ ಹೋದವು.

ಹೋದ ತಿಂಗಳು ಒಂದು ದಿನ ಗಾಡಿ ಒರೆಸಲು ಹೋದೆ. ಹಿಂಬಾಗಿಲು ಸದ್ದೇ ಮಾಡಲಿಲ್ಲ. ಬಿಜಾಗರಿಯ ಮೇಲೆ ಎಣ್ಣೆ ಇಳಿದಿತ್ತು. ಒಳಗೆ ಒಂದು ಚಿಲಕವಿದೆ. ಯಾರೂ ಬಳಸದೆ ತುಕ್ಕು ಹಿಡಿದು ಕಲ್ಲಾಗಿತ್ತು. ಅದು ಒಂದೇ ಬೆರಳಿಗೆ ಸರಿಯಿತು. ಗಾಡಿ ಆ ವಾರ ಎಲ್ಲೂ ಹೋಗಿರಲಿಲ್ಲ. ಬೀಗ ಒಡೆದ ಗುರುತಿಲ್ಲ. ಮಂಚದ ಹಾಸಿಗೆ ಮಾತ್ರ ಯಾರೋ ಮಲಗಿ ಎದ್ದಂತೆ ತಗ್ಗಾಗಿತ್ತು.

ಕೀಲಿ ಇರುವುದು ಎರಡು. ಒಂದು ಮನೆಯ ಮೊಳೆಗೆ ತೂಗುತ್ತದೆ, ಇನ್ನೊಂದು ಮೂಕಣ್ಣನ ಬಳಿ. ನಾವಿಲ್ಲದಾಗ ಇವನು ಯಾರನ್ನೋ ಕರೆತಂದು ಮಲಗಿಸುತ್ತಾನೆ ಎಂದು ನಾನು ತೀರ್ಮಾನಿಸಿಯೇ ಬಿಟ್ಟೆ. ಅವನನ್ನು ಕರೆದು ಸುತ್ತಿ ಬಳಸಿ ಕೇಳಿದೆ. ನನ್ನ ಇಂಗಿತ ಅವನಿಗೆ ತಿಳಿಯದೇ ಇರುತ್ತದೆಯೇ? ಜೇಬಿನಿಂದ ಕೀಲಿ ತೆಗೆದು ಕಟ್ಟೆಯ ಮೇಲಿಟ್ಟ.

“ನಾ ಆ ಚಿಲಕ ಮುಟ್ಟೇ ಇಲ್ರಿ ಅಕ್ಕಾರ. ಅನುಮಾನ ಇದ್ರ ಕೀಲಿ ನಿಮ್ಮತ್ರನ ಇರ್ಲಿ” ಎಂದು ಹೇಳಿ ಹೊರಟುಹೋದ.

ಕೀಲಿ ನನ್ನ ಬಳಿ ಬಂದ ಮೇಲೂ ಹಾಸಿಗೆ ತಗ್ಗಾಗುವುದು ನಿಲ್ಲಲಿಲ್ಲ. ಒಮ್ಮೆ ತಲೆದಿಂಬಿನ ಮೇಲೆ ಉದ್ದನೆಯ ಕೂದಲು ಸಿಕ್ಕಿತು. ಬಿಜಾಗರಿಯ ಎಣ್ಣೆಯನ್ನು ಮೂಸಿ ನೋಡಿದೆ. ಅದು ನನ್ನ ಹೊಲಿಗೆ ಮಷೀನಿನ ಎಣ್ಣೆ. ನಮ್ಮ ಮನೆಯ ಕಪಾಟಿನಿಂದಲೇ ಹೋದದ್ದು. ಅಕ್ಕ, ಆಗ ನನ್ನ ಅನುಮಾನ ಎಲ್ಲಿಗೆ ತಿರುಗಿತು ಎಂದು ಹೇಳಲು ನಾಚಿಕೆಯಾಗುತ್ತದೆ. ಇವರ ಮೇಲೆ. ಹಂಪಿಯಿಂದ ಮಧ್ಯಾಹ್ನ ಬಂದು ಹೋಗುವುದೇನು ದೊಡ್ಡ ಮಾತಲ್ಲ. ಇವರು ಸ್ನಾನಕ್ಕೆ ಹೋದಾಗ ಅಂಗಿ ಮೂಸಿದೆ, ಫೋನು ನೋಡಿದೆ. ಊಟಕ್ಕೆ ಬಡಿಸುವಾಗ ಮುಖ ನೋಡುತ್ತಿರಲಿಲ್ಲ. ಏನಾಯಿತು ಎಂದು ಅವರು ಕೇಳಿದರೆ ತಲೆನೋವು ಎನ್ನುತ್ತಿದ್ದೆ. ಇಪ್ಪತ್ತೈದು ವರ್ಷ ಜೊತೆಗೆ ಬಾಳಿದವರನ್ನು ಹಾಗೆ ನೋಡುವುದು ಎಷ್ಟು ಸುಲಭವಾಗಿಬಿಟ್ಟಿತು ಎಂದು ಈಗ ಭಯವಾಗುತ್ತದೆ.

ಹೋದ ಸೋಮವಾರ, ಅಂಗಡಿಯಲ್ಲಿ ಸಂಜೆಯವರೆಗೂ ಕೆಲಸವಿದೆ ಎಂದು ಮನೆಯಲ್ಲಿ ಹೇಳಿ, ಮಧ್ಯಾಹ್ನವೇ ಷಟರು ಎಳೆದು ಬಂದೆ. ಮನೆಗೆ ಹೊರಗಿನಿಂದ ಬೀಗ ಬಿದ್ದಿತ್ತು. ಒಳಗೆ ಮಲಗಿರಬೇಕಾದ ಮಗಳು ಎಲ್ಲಿ ಎಂಬ ಪ್ರಶ್ನೆಯೂ ನನಗೆ ಹೊಳೆಯಲಿಲ್ಲ, ಅಷ್ಟು ಉರಿಯುತ್ತಿದ್ದೆ. ನೆಟ್ಟಗೆ ಮನೆಯ ಪಕ್ಕ ನಿಲ್ಲಿಸಿದ್ದ ಗಾಡಿಯ ಬಳಿ ಹೋಗಿ ಹಿಂಬಾಗಿಲು ಎಳೆದೆ. ಒಳಗಿನಿಂದ ಚಿಲಕ ಹಾಕಿತ್ತು.

“ಒಳಗ ಯಾರದೀರಿ? ಬಾಗ್ಲ ತೆಗೀರಿ” ಎಂದೆ. ಅಂಗೈಯಿಂದ ಬಾಗಿಲು ಬಡಿದೆ. ಮತ್ತೆ ಬಡಿದೆ.

“ಅಮ್ಮಾ, ನೀ ಒಬ್ಬಾಕಿನ ಅದೀಯೇನು?”

ಪೂಜಿತಾಳ ದನಿ. ಹೌದು ಎಂದ ಮೇಲೆ ಬಾಗಿಲು ತೆರೆಯಿತು. ಮಳೆ ಬಿಟ್ಟು ಚುರುಚುರು ಬಿಸಿಲು ಕಾಯುತ್ತಿದ್ದ ದಿನ. ಆ ತಗಡಿನ ಗಾಡಿಯ ಕಿಟಕಿಗಳನ್ನೆಲ್ಲ ಮುಚ್ಚಿಕೊಂಡು ಮಲಗಿದ್ದಳು. ಚೂಡಿದಾರ ಬೆವರಿಗೆ ಮೈಗಂಟಿತ್ತು. ಕೈಯಲ್ಲಿ ಚಕ್ರ ಬಿಚ್ಚುವ ಸ್ಪ್ಯಾನರ್ ಇತ್ತು. ನನ್ನನ್ನು ನೋಡಿದ ಮೇಲೂ ಅದನ್ನು ಕೆಳಗಿಡಲಿಲ್ಲ, ನನ್ನ ಬೆನ್ನ ಹಿಂದೆ ಓಣಿಯ ಕಡೆ ಒಮ್ಮೆ ನೋಡಿ ಆಮೇಲೆ ಇಟ್ಟಳು.

ಇಲ್ಲೇಕೆ ಮಲಗಿದ್ದೀಯ ಎಂದು ಕೇಳಿದೆ. “ಮನ್ಯಾಗ ನಿದ್ದಿ ಹತ್ತಂಗಿಲ್ಲಮ್ಮ” ಎಂದಳು. ಒಳಗೆ ಕರೆದುಕೊಂಡು ಹೋಗಿ ನೀರು ಕೊಟ್ಟು ಪಕ್ಕದಲ್ಲಿ ಕೂತೆ. ಸಂಜೆ ಇವರು ಬರುವವರೆಗೂ ಅವಳು ಬಾಯಿ ಬಿಡಲಿಲ್ಲ. ಆಮೇಲೆ ಇಬ್ಬರ ಮುಂದೆಯೂ ಹೇಳಿದಳು. ಮನೆಗೆ ಹೊರಗಿನಿಂದ ಬೀಗ ಹಾಕಿದರೆ ಯಾರೂ ಇಲ್ಲವೆಂದು ತಿಳಿದು ಬಂದವರು ತಿರುಗಿ ಹೋಗುತ್ತಾರೆ, ಗಾಡಿಯಲ್ಲಿ ಸದ್ದಿಲ್ಲದೆ ಚಿಲಕ ಬೀಳಬೇಕು, ಅದಕ್ಕೆಂದೇ ಎಣ್ಣೆ ಬಿಟ್ಟಿದ್ದಳು. ಬರುತ್ತಿದ್ದವರು ಯಾರು ಎಂಬುದನ್ನೂ ಹೇಳಿದಳು. ಅದನ್ನು ಬರೆಯಲು ಈಗ ಕೈ ಏಳುತ್ತಿಲ್ಲ, ಸ್ವಲ್ಪ ತಡೆ.

ಇವರಿಗೆ ನನ್ನ ಅನುಮಾನದ ಸಂಗತಿಯನ್ನೂ ಅವತ್ತೇ ಹೇಳಿಬಿಟ್ಟೆ. “ನನ್ ಮ್ಯಾಲ ಅನುಮಾನ ಪಟ್ಟಿ, ಹೋಗ್ಲಿ. ಮಗಳ ಮಾರಿ ಇಬ್ರೂ ನೋಡ್ಲಿಲ್ಲಲ್ಲ” ಎಂದರು. ಮರುದಿನ ನಾನೇ ಮೂಕಣ್ಣನ ಮನೆಗೆ ಹೋಗಿ ಕೀಲಿ ಕೊಟ್ಟೆ. ತೆಗೆದುಕೊಂಡ, ಆದರೆ ಚಹಾ ಕುಡಿದು ಹೋಗಿರಿ ಎಂದು ಅನ್ನಲಿಲ್ಲ. ಹಿಂಬಾಗಿಲಿಗೆ ಹೊಸ ಪಿನ್ನು ಹಾಕಿಸಿದ್ದಾಯಿತು. ಈಗ ಹಗಲು ಅಂಗಡಿ ಮುಚ್ಚಿ ನಾನು ಮನೆಯಲ್ಲೇ ಇರುತ್ತೇನೆ. ಪೂಜಿತಾ ತನ್ನ ಮಂಚದ ಮೇಲೆ ಮಲಗುತ್ತಾಳೆ. ನಿದ್ದೆಯಲ್ಲಿ ಒಮ್ಮೊಮ್ಮೆ ಬೆಚ್ಚಿ ಅಮ್ಮಾ ಎನ್ನುತ್ತಾಳೆ. ಇಲ್ಲೇ ಇದ್ದೀನಿ ಎನ್ನುತ್ತೇನೆ.

ಕಾಲುನೋವಿಗೆ ವೈದ್ಯರು ಕೊಟ್ಟ ಎಣ್ಣೆ ಹಚ್ಚುವುದನ್ನು ಬಿಡಬೇಡ. ನಿನ್ನನ್ನು ಆ ಹಂಪಿಯ ವಿರೂಪಾಕ್ಷ ಚೆನ್ನಾಗಿಟ್ಟಿರಲಿ, ಮುಂದೆ ಓದುವುದನ್ನು ತಡೆದುಕೊಳ್ಳುವ ಶಕ್ತಿ ಕೊಡಲಿ. ನನ್ನ ಮಗಳಿಗೆ ನಿನ್ನ ಆಶೀರ್ವಾದವಿರಲಿ.

ನಿನ್ನ ತಂಗಿ,
ಸುಕನ್ಯಾ

ವಿ.ಸೂ.: ಬರುತ್ತಿದ್ದವರು ಭಾವ. ಕಂಪ್ಲಿಯಿಂದ ಇಲ್ಲಿಯ ಮಾರ್ಕೆಟ್ಟಿಗೆ ಬಂದಾಗಲೆಲ್ಲ, ನಾವಿಬ್ಬರೂ ಇಲ್ಲದ ಹೊತ್ತು ನೋಡಿ ಬರುತ್ತಿದ್ದರು. ದೊಡ್ಡಪ್ಪ ಎಂದು ಅವಳು ಮೊದಲು ಬಾಗಿಲು ತೆಗೆದಳು. ಮೈಮೇಲೆ ಕೈ ಹಾಕಿದ ಮೇಲೆ ತೆಗೆಯಲಿಲ್ಲ. ಆಗ ಹಿತ್ತಿಲ ಬಾಗಿಲನ್ನು ಅಲುಗಾಡಿಸಿ ಚಿಲಕದ ಸ್ಕ್ರೂ ಕಿತ್ತುಬರುವವರೆಗೂ ನೂಕಿದರಂತೆ. ಪೂಜಿತಾ ಶನಿವಾರ ಠಾಣೆಗೆ ಹೋಗುತ್ತಾಳೆ, ಅವಳ ಜೊತೆ ನಾವಿಬ್ಬರೂ ಇರುತ್ತೇವೆ. “ದೊಡ್ಡಮ್ಮಗ ಮೊದ್ಲ ತಿಳಿಸಮ್ಮ, ಊರವ್ರ ಬಾಯಿಂದ ಕೇಳಾದು ಬ್ಯಾಡ” ಎಂದು ಅವಳೇ ಹೇಳಿದ್ದರಿಂದ ಈ ಪತ್ರ. ನೀನು ಬಂದು ಅವಳ ಪಕ್ಕ ನಿಂತರೆ ನನಗೆ ಅಕ್ಕ ಉಳಿಯುತ್ತಾಳೆ. ಬರದಿದ್ದರೂ ಅವಳು ಹೋಗುತ್ತಾಳೆ.

ಒಂದು ಮಾತು ಕೇಳದೆ ಮುಗಿಸಲಾರೆ. ಹೋದ ವರ್ಷ ಕಂಪ್ಲಿಯಲ್ಲಿ ಅವಳ ತರಬೇತಿ ಇದ್ದಾಗ ನಿಮ್ಮ ಮನೆಯಲ್ಲಿ ಇರಿಸಿಕೋ ಎಂದು ಕೇಳಿದ್ದೆ. ನೀನು ಕಾರಣ ಹೇಳದೆ “ಬ್ಯಾಡ, ನಮ್ಮನ್ಯಾಗ ಮಾತ್ರ ಬ್ಯಾಡ” ಎಂದು ಹೇಳಿ ಫೋನು ಇಟ್ಟೆ. ನಿನಗೆ ಸೊಕ್ಕು ಬಂದಿದೆ ಎಂದುಕೊಂಡಿದ್ದೆ.

ಅಕ್ಕ, ನಿನಗೆ ಗೊತ್ತಿತ್ತೇ?