ನಿನ್ನೆಯಲ್ಲೇ ನಿಂತ ಕಂಪ್ಯೂಟರ್

ಹಿರೇಕೆರೂರು, ಗುರುವಾರ, ಜೂನ್ 26

ಆ ಹಾಳು ಬ್ರೌಸರ್ ಇವತ್ತಿಡೀ ನನ್ನನ್ನು ಹೊರಗೆ ನೂಕಿತು. ಅರ್ಧ ಅರ್ಜಿ ತುಂಬುವಷ್ಟರಲ್ಲಿ ಮತ್ತೆ ಲಾಗಿನ್ ಪುಟ. ಕುಕೀಸ್ ಅಳಿಸಿದೆ, ಬ್ರೌಸರನ್ನೇ ತೆಗೆದು ಹೊಸದಾಗಿ ಹಾಕಿದೆ. ಏನೂ ಆಗಲಿಲ್ಲ.

ಚಿಕ್ಕೇರೂರಿನ ಹಾಲವ್ವ ಮೊಮ್ಮಗಳು ಅಂಕಿತಾಳ ಹಾಸ್ಟೆಲ್ ಅರ್ಜಿಗೆಂದು ಬೆಳಗಿನಿಂದ ನನ್ನ ಕಂಪ್ಯೂಟರ್ ಸೆಂಟರಿನಲ್ಲಿ ಕುಳಿತಿದ್ದರು. ಇವತ್ತು ಸಂಜೆಗೆ ಕೊನೆ. ಒಟಿಪಿ ಹೋಗುವುದು ಹೊಲದಲ್ಲಿದ್ದ ಅವರ ಮಗನ, ಅಂದರೆ ಅಂಕಿತಾಳ ಅಪ್ಪನ ಫೋನಿಗೆ. ಲಾಗಿನ್ ತಪ್ಪಿದಾಗಲೆಲ್ಲ ಅವನಿಗೆ ಫೋನ್ ಹಚ್ಚಬೇಕು.

"ಎಷ್ಟ್ ಸಲ ನಂಬರ್ ಹೇಳ್ಲಿಬೇ? ಆಕಿ ಮನ್ಯಾಗ ಇರ್ಲಿ, ಸಾಕು," ಎಂದವನೇ ಕೊನೆಗೆ ಫೋನ್ ಬಂದ್ ಮಾಡಿದ. ಹಾಸ್ಟೆಲ್ ಸಿಗದಿದ್ದರೆ ಮಗಳನ್ನು ಕಾಲೇಜಿಗೆ ಕಳಿಸುವುದಿಲ್ಲ ಎಂದು ಮೊದಲೇ ಹೇಳಿದ್ದನಂತೆ.

"ಇರ್ಲಿ ಬಿಡವಾ ನೀಲಾ, ನಮ್ಮ ಹುಡುಗಿ ನಸೀಬು," ಎಂದು ಹಾಲವ್ವ ಬಸ್ಸಿಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಅಂಗಡಿ ಮುಚ್ಚುವಾಗ ಪರದೆಯ ಮೂಲೆ ನೋಡಿದೆ. ನಿನ್ನೆಯ ತಾರೀಖು! ನಿನ್ನೆ ಅಮವಾಸ್ಯೆ. ಅವ್ವ ಪೂಜೆಗೆಂದು ಕಂಪ್ಯೂಟರಿನ ವೈರು ಕಿತ್ತು, ಒರೆಸಿ, ವಿಭೂತಿ ಹಚ್ಚಿದ್ದಳು. ರಾತ್ರಿಯಿಡೀ ಅದಕ್ಕೆ ಕರೆಂಟಿಲ್ಲ. ಗಡಿಯಾರ ನಡೆಸುವ ಒಳಗಿನ ಸಣ್ಣ ಸೆಲ್ ಸೊರಗಿರಬೇಕು, ಗಡಿಯಾರ ಅಲ್ಲೇ ನಿಂತಿದೆ. ತಾರೀಖು ತಪ್ಪಿದ್ದಕ್ಕೇ ವೆಬ್‌ಸೈಟ್ ಹೊರಗೆ ಹಾಕುತ್ತಿತ್ತು. ಸರಿಮಾಡಿದೆ. ಈಗ ಲಾಗಿನ್ ಗಟ್ಟಿಯಾಗಿ ನಿಂತಿದೆ. ಯಾರಿಗೆ ಬೇಕು?

ಊಟಕ್ಕೆ ಕುಳಿತಾಗ ಅವ್ವ ಕೇಳಿದಳು: "ನಿನ್ನೆ ಪೂಜಾ ಛಲೋ ಆತು. ಇವತ್ತು ಮಂದಿ ಬಂದಿದ್ರೇನ?"

"ಬಂದಿದ್ರವ್ವ," ಎಂದೆ.

ಅವಳ ಮುಖ ಅರಳಿತು. ಮುಂದಿನ ಅಮವಾಸ್ಯೆಗೂ ಅವಳು ವೈರು ಕೀಳುತ್ತಾಳೆ, ನಾನು ಏನಂತ ಬೇಡ ಅನ್ನಲಿ?