ಒಂಟೆ ಬಾರದ ಮನೆ

ಪ್ರೀತಿಯ ಚಿಕ್ಕಪ್ಪ,

ಇದನ್ನು ನೀನು ಓದಲಾರೆ. ಓದಿ ಹೇಳಿದರೂ ಅರ್ಧಕ್ಕೇ ತಡೆದು ಇಸ್ತ್ರಿ ಪೆಟ್ಟಿಗೆ ಎಲ್ಲಿ ಎಂದು ಕೇಳುತ್ತೀಯ. ಆದರೂ ಬರೆಯುತ್ತಿದ್ದೇನೆ. ಭಾನುವಾರ ನಡೆದದ್ದನ್ನು ಬೇರೆ ಯಾರಿಗೂ ಹೇಳಲು ಆಗುತ್ತಿಲ್ಲ.

ನಾನು ಶಾಲೆ ಬಿಟ್ಟಾಗ ಮನೆಯವರೆಲ್ಲ ಬುದ್ಧಿ ಹೇಳಿದರು. ನೀನೊಬ್ಬ ನಿನ್ನ ಇಸ್ತ್ರಿ ಅಂಗಡಿಯ ಮೇಜಿನ ಮೂಲೆಯಲ್ಲಿ ಚೆಸ್ ಬೋರ್ಡ್ ಹಾಸಿ, "ಕಾಲು ನಿಲ್ಲದವನೇ, ಕೂತ್ಕೋ" ಎಂದೆ. ಒಂದು ನಡೆ ಇಡುವುದು, ನಾನು ಯೋಚಿಸುವಷ್ಟರಲ್ಲಿ ಒಂದು ಅಂಗಿ ಮಡಿಸುವುದು. ನಿನ್ನ ಆರಂಭ ಯಾವಾಗಲೂ ಒಂದೇ. ರಾಜನ ಕಡೆಯ ಕುದುರೆಯ ಮುಂದಿನ ಕಾಲಾಳನ್ನು ಉಳಿದವರು ಒಂದು ಮನೆ ಸರಿಸಿದರೆ ನೀನು ಎರಡು ಮನೆ ನೂಕುತ್ತಿದ್ದೆ. ತೆರವಾದ ಜಾಗಕ್ಕೆ ಒಂಟೆ ಬಂದು ಕೂತು, ಬೋರ್ಡಿನ ಆ ಮೂಲೆಯವರೆಗೂ ಕಣ್ಣು ಹಾಕುತ್ತಿತ್ತು. ಕಾವಲಿಲ್ಲದ ಆ ಕಾಲಾಳು ಬರೀ ಆಮಿಷ. ಅದನ್ನು ತಿನ್ನಲು ನನ್ನ ಒಂಟೆ ಓಡಿದರೆ ನನ್ನ ಹಿಂದಿನ ಮೂಲೆ ಬಯಲು. ನಿನ್ನ ಮಂತ್ರಿ ನುಗ್ಗಿ ಸೂರೆ ಮಾಡುತ್ತಿದ್ದ. ನಾನು ವರ್ಷಗಟ್ಟಲೆ ಸೋತೆ. ಕೊನೆಗೆ ಆ ಕಾಲಾಳಿನ ಆಸೆ ಬಿಟ್ಟೆ. ನಡುವೆ ಎರಡು ಕಾಲಾಳು ಜೋಡಿಸಿ, ಇನ್ನೊಂದನ್ನು ಒಂದೇ ಮನೆ ಸರಿಸಿ ಆಸರೆ ಕೊಟ್ಟೆ. ನಿನ್ನ ಒಂಟೆ ಪೆಚ್ಚಾಗಿ ಕೂತಿತು. "ಎಲಾ ಇವನ! ಗೋಡೆ ಕಟ್ಟಿಬಿಟ್ಯಲ್ಲೋ ಮೇಸ್ತ್ರಿ!" ಎಂದು ನೀನು ನಗುತ್ತ ಯಾರದೋ ಕಾಲರ್ ಸುಟ್ಟೆ.

ಮರೆವಿನ ಕಾಯಿಲೆ ಬಂದ ಮೇಲೆ ನಿನಗೆ ನನ್ನ ಮುಖ ಗೊತ್ತಾಗುವುದಿಲ್ಲ. ಆದರೆ ನಾನು ಗೋಡೆಯ ಆ ಮೂರನೆಯ ಕಾಲಾಳು ಇಟ್ಟ ಕೂಡಲೇ ತಲೆಯೆತ್ತಿ, "ಓ, ಮೇಸ್ತ್ರಿ ಬಂದ್ಯಾ?" ಎನ್ನುತ್ತಿದ್ದೆ. ಅದೊಂದು ಮಾತಿಗಾಗಿ ನಾನು ವಾರವಿಡೀ ಕಾಯುತ್ತಿದ್ದೆ.

ಭಾನುವಾರ ನೀನು ಎಂದಿನಂತೆ ಆ ಕಾಲಾಳನ್ನು ನೂಕಿದೆ. ನಾನು ರಾಜನ ಮುಂದಿನದನ್ನು ಇಟ್ಟೆ. ಈಗ ನಿನ್ನ ಒಂಟೆ ಬರಬೇಕು. ನಿನ್ನ ಕೈ ಗಾಳಿಯಲ್ಲಿ ತಡಕಾಡಿ, ಒಂಟೆಯ ಬದಲು ಅದರ ಮುಂದಿನ ಕಾಲಾಳನ್ನು ಒಂದು ಮನೆ ಸರಿಸಿತು. ರಾಜ ಬಯಲಾದ. ನನ್ನ ಮಂತ್ರಿ ಓರೆಯಾಗಿ ಅಂಚಿಗೆ ಬಂದರೆ ಆಟ ಮುಗಿಯಿತು. ಅಂಗಡಿಗೆ ಬಂದ ಮಕ್ಕಳಿಗೆ ನೀನು ಮೊದಲು ತೋರಿಸುತ್ತಿದ್ದ ತಪ್ಪೇ ಇದು.

ನನ್ನ ಮುಖ ನೋಡಿಯೇ ಪಕ್ಕದಲ್ಲಿ ಕೂತಿದ್ದ ಚಿಕ್ಕಮ್ಮನಿಗೆ ತಿಳಿಯಿತು. "ಇವತ್ತೊಂದಿನ ಸೋತುಬಿಡೋ, ನಿನ್ನ ಗಂಟೇನು ಹೋಗುತ್ತೆ?" ಎಂದಳು. ಗೋಡೆ ಕಟ್ಟಿದ್ದರೆ ನೀನು ನನ್ನ ಗುರುತು ಹಿಡಿಯುತ್ತಿದ್ದೆ. ಆದರೆ ಗೆಲ್ಲುವ ನಡೆ ಕಣ್ಣೆದುರಿಗಿರುವಾಗ ಅದು ಸುಳ್ಳು ನಡೆಯಾಗುತ್ತಿತ್ತು. ನಿನ್ನೆದುರು ನಾನು ಎಂದೂ ಸುಳ್ಳು ನಡೆ ಇಟ್ಟವನಲ್ಲ. ಮಂತ್ರಿಯನ್ನು ಇಟ್ಟೆ.

ನೀನು ಬಹಳ ಹೊತ್ತು ಬೋರ್ಡ್ ನೋಡಿದೆ. ಆಮೇಲೆ ಹೊಸ ಗಿರಾಕಿಯನ್ನು ಮಾತಾಡಿಸುವ ಮರ್ಯಾದೆಯಿಂದ, "ಚೆನ್ನಾಗಿ ಆಡ್ತೀರಿ. ಯಾವ ಕಡೆಯವರು?" ಎಂದು ಕೇಳಿದೆ. ಚಿಕ್ಕಮ್ಮನತ್ತ ತಿರುಗಿ, "ಇವತ್ತು ಮೇಸ್ತ್ರಿ ಬರಲೇ ಇಲ್ಲ ನೋಡು" ಎಂದೆ.

ನಾನು ಎದುರಿಗೇ ಇದ್ದೆ, ಚಿಕ್ಕಪ್ಪ.

ಮಾಡಿದ್ದು ಸರಿ ಎಂದೇ ಈಗಲೂ ಅನ್ನಿಸುತ್ತದೆ. ಅದರಿಂದ ಎದೆ ಒಂದಿಷ್ಟೂ ಹಗುರವಾಗುತ್ತಿಲ್ಲ. ಮುಂದಿನ ಭಾನುವಾರವೂ ಬರುತ್ತೇನೆ. ನಿನಗೆ ಒಂಟೆ ನೆನಪಾಗುವುದಿಲ್ಲ, ನನಗೆ ಸುಳ್ಳಾಡಲು ಬರುವುದಿಲ್ಲ. ಯಾರೋ ಇಬ್ಬರಂತೆ ಕೂತು ಆಡೋಣ.

ಮೇಸ್ತ್ರಿಗಾಗಿ ಕಾಯಬೇಡ. ನಿದ್ದೆಯಾದರೂ ನಿನಗೆ ಚೆನ್ನಾಗಿ ಬರಲಿ.

ಇಂತಿ,
ನಿನ್ನ ಅಣ್ಣನ ಮಗ