ಮಲ್ಲನ ಎಡಭುಜ

ಆಗಸ್ಟ್ 1, ಶುಕ್ರವಾರ. ದುವ್ವಾಡ

ಸ್ಕ್ಯಾನ್ ಮತ್ತೆ ಕೈಕೊಟ್ಟಿತು. ಬೆಳಗ್ಗೆಯಿಂದ ಇದೇ ಗೋಳು. ಚಿತ್ರಕಾರ ಬಾಬ್ಜಿಯವರ ಮಣ್ಣಿನ ಮಾದರಿ, ಮೊಣಕಾಲೆತ್ತರದ ಕಾರಡವಿ ಮಲ್ಲ. ಕಂಪ್ಯೂಟರಿನಲ್ಲಿ ಎರಡಾಳೆತ್ತರಕ್ಕೆ ಹಿಗ್ಗಿಸಿ ಎರಕದವರಿಗೆ ಕಳಿಸಬೇಕು. ತೆಲುಗು ವಾರಪತ್ರಿಕೆಯಲ್ಲಿ ಅವರೇ ಬರೆದ ಚಿತ್ರಕಥೆಯ ಕಾಡಿನ ವೀರ. ಇಷ್ಟು ವರ್ಷವಾದರೂ ಇಲ್ಲಿನ ಮಕ್ಕಳ ಟೀ ಶರ್ಟಿನ ಮೇಲೆ ಅವನೇ, ತಾತಂದಿರ ವಾಟ್ಸಾಪ್ ಸ್ಟಿಕರಿನಲ್ಲೂ ಅವನೇ. ಅದಕ್ಕೇ ವೈಜಾಗ್ ಬೀಚ್ ರಸ್ತೆಯಲ್ಲಿ ಕಂಚಿನ ಪ್ರತಿಮೆ.

ಎಡಭುಜ ತಗ್ಗಿದೆ. ವಿಜಯವಾಡದಿಂದ ಬರುವಾಗ ಮಣ್ಣು ಕುಸಿದಿರಬೇಕು. ಫೋನ್ ಮಾಡಿ ಕೇಳೋಣವೆಂದುಕೊಂಡೆ... ಸಂಜೆ ಸಿನಿಮಾ ಟಿಕೆಟ್ ಇತ್ತು. ಬಲಭುಜವನ್ನೇ ಮಿರರ್ ಮಾಡಿ ಎಡಕ್ಕೆ ಕೂರಿಸಿದೆ. ಚೆನ್ನಾಗಿ ಬಂತು. ನಮ್ಮ ಬಾಸ್ ಶಶಾಂಕ್ ನೋಡಿ "ಸೂಪರ್ ಇಂಚರಾ" ಎಂದ.

ನವೆಂಬರ್ 6, ಗುರುವಾರ

ಕಂಚು ಸಿದ್ಧ. ಬಾಬ್ಜಿ ಬಂದಿದ್ದರು, ಮಗಳು ಉಷಶ್ರೀಯ ಕೈ ಹಿಡಿದು. ಗ್ಲಕೋಮಾ, ಈಗ ಏನೂ ಕಾಣದು. ಓದಿದ್ದು ಬಳ್ಳಾರಿಯಲ್ಲಂತೆ. ಮಗಳಿಗೂ ಕಲಿಸಿದ್ದಾರೆ. ನನ್ನ ಮುಂದೆ ಇಬ್ಬರದೂ ಕನ್ನಡವೇ. ಏಣಿ ಹತ್ತಿಸಿದೆವು. ಕೈಯಾಡಿಸಿದರು. ಮೂಗು, ಗದ್ದ, ಕೊರಳು. ಎಡಭುಜಕ್ಕೆ ಬಂದು ಕೈ ನಿಂತಿತು.

"ಉಷಾ, ಇದು ನಮ್ಮಣ್ಣನ ಭುಜ ಅಲ್ಲಲ್ಲ."

ಅಣ್ಣ ವಿಜಯವಾಡ ಸ್ಟೇಷನ್ನಿನಲ್ಲಿ ಕೂಲಿಯಾಗಿದ್ದರಂತೆ. ಪೆಟ್ಟಿಗೆ ಹೊತ್ತು ಹೊತ್ತು ಎಡಭುಜ ಜಗ್ಗಿತ್ತು. ತಮ್ಮನನ್ನು ಓದಿಸಿದವರು ಅವರೇ. ಮಲ್ಲನನ್ನು ಬರೆದಾಗಲೆಲ್ಲ ಬಾಬ್ಜಿ ಬರೆದದ್ದು ಆ ಭುಜವನ್ನೇ.

"ನಾನ್ನಾ, ಮಾಡಿದ್ದು ನೀವೇ ಅಲ್ಲವಾ?" ಎಂದರು ಉಷಶ್ರೀ.

"ಹೌದು, ನಾನ ಮಾಡೀನಿ. ಕಣ್ಣಷ್ಟ ಹೋದ್ವು ಅಂತಿದ್ದೆ... ಕೈನೂ ಹೋತು. ಅಣ್ಣನ್ನ ಮರ್ತುಬಿಟ್ಟೆ."

ಕಂಚಿಗೆ ಹಣೆ ಒತ್ತಿ ಅತ್ತರು. ನಾನು ಅಲ್ಲೇ, ಏಣಿ ಹಿಡಿದೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ನವೆಂಬರ್ 7

ಶಶಾಂಕ್‌ಗೆ ಹೇಳಿದೆ.

"ಸುಮ್ನಿರೇ ಮಾರಾಯ್ತಿ. ಇಪ್ಪತ್ಮೂರಕ್ಕೆ ಅನಾವರಣ. ಪ್ರತಿಮೆ ಕಮಿಟಿಗೆ ಗೊತ್ತಾದ್ರೆ ಇಬ್ರೂ ಮನೆಗೆ. ಅವ್ರೇ ತಪ್ಪು ತಮ್ದು ಅಂತಿದಾರಲ್ಲ?"

ಅದೇ. ಅದನ್ನೇ ತಡೆಯಲಾಗುತ್ತಿಲ್ಲ.

ಮಣ್ಣಿನ ಮಾದರಿ ಒಣಗಿ, ಬಿರುಕು ಬಿಟ್ಟು, ಪುಡಿಯಾಗಿ ಹೋಗಿದೆ. ಮೊದಲ ಸ್ಕ್ಯಾನ್ ಮಾತ್ರ ನನ್ನ ಲ್ಯಾಪ್‌ಟಾಪಿನಲ್ಲಿದೆ. ಡಿಲೀಟ್ ಮಾಡಲು ಹೋದೆ. ಆಗಲಿಲ್ಲ.

ನವೆಂಬರ್ 13, ಗುರುವಾರ

ಉಷಶ್ರೀ ಫೋನ್ ಮಾಡಿದ್ದರು. ಅನಾವರಣಕ್ಕೆ ಅಪ್ಪ ಬರುವುದಿಲ್ಲವಂತೆ. ಬ್ರಷ್ಷು, ಮಣ್ಣು ಎಲ್ಲ ಯಾರಿಗೋ ಕೊಟ್ಟುಬಿಟ್ಟರಂತೆ. ಊಟಕ್ಕೆ ಕೂತಾಗ ಕೇಳುತ್ತಾರಂತೆ: ಅಣ್ಣನ ಮೂಗು ಹೇಗಿತ್ತು ಉಷಾ, ನಿನಗಾದರೂ ನೆನಪಿದೆಯಾ?

"ಮೇಡಂಗಾರು, ಚೆನ್ನಾಗಿದೆ ಅಂತ ನೀವೊಂದು ಮಾತು ಹೇಳಿ. ನಿಮ್ಮ ಮಾತಾದರೆ ಕೇಳುತ್ತಾರೆ."

ಹೇಳುತ್ತೇನೆ ಎಂದೆ. ಥೂ.

ನವೆಂಬರ್ 15, ಶನಿವಾರ. ವಿಜಯವಾಡ

ರತ್ನಾಚಲ ರೈಲು ಹಿಡಿದು ಬಂದೆ. ಶಶಾಂಕ್‌ಗೆ ಮೆಸೇಜ್ ಹಾಕಿ ಫೋನ್ ಆಫ್ ಮಾಡಿದೆ. ಗವರ್ನರ್‌ಪೇಟೆಯಲ್ಲಿ ಫ್ಯಾನ್ ಅಂಗಡಿಯ ಮೇಲೆ ಬಾಬ್ಜಿಯವರ ಮನೆ. ಉಷಶ್ರೀ ಪೆಸರಟ್ಟು ದೋಸೆ ತಂದಿಟ್ಟರು. ಮುಟ್ಟಲಿಲ್ಲ.

"ಸರ್, ನೀವು ಭುಜ ತಗ್ಗಿಸಿಯೇ ಮಾಡಿದ್ರಿ. ನೆಟ್ಟಗೆ ಮಾಡಿದ್ದು ನಾನು. ನಿಮ್ಮನ್ನ ಕೇಳ್ಲಿಲ್ಲ."

ಲ್ಯಾಪ್‌ಟಾಪ್ ತೆರೆದು ಮೊದಲ ಸ್ಕ್ಯಾನ್ ತೋರಿಸಿದೆ. ಉಷಶ್ರೀ ನೋಡಿ, ಅಪ್ಪನ ಭುಜ ಹಿಡಿದು ತೆಲುಗಿನಲ್ಲಿ ಏನೋ ಹೇಳಿದರು.

"ಹಂಗಾರ ನಾ ಮರ್ತಿಲ್ಲ... ಉಷಾ, ನಾ ಮರ್ತಿಲ್ಲ!"

ನಕ್ಕರು. ಅತ್ತರು. ಒಂದು ಗಳಿಗೆ ನನಗೂ ಹಗುರವೆನಿಸಿತು. ಉಷಶ್ರೀ ಕೂಡಲೇ ಕಮಿಟಿಯವರಿಗೆ ಫೋನ್ ಮಾಡಿದರು. ಅನಾವರಣ ಮುಂದಕ್ಕೆ. ಭುಜ ಕೊಯ್ದು ಹೊಸದಾಗಿ ಎರಕ ಹೊಯ್ಯುತ್ತಾರೆ. ನನ್ನ ಕೆಲಸದ ಗತಿ ಸೋಮವಾರ ತಿಳಿಯುತ್ತದೆ.

ಹೊರಟಾಗ ಬಾಬ್ಜಿ ಗೋಡೆ ಹಿಡಿದುಕೊಂಡು ಬಾಗಿಲವರೆಗೂ ಬಂದರು.

"ಅವತ್ತು ನಾ ಅತ್ತಾಗ ನೀ ಅಲ್ಲೇ ಇದ್ದೆ, ಹೌದಲ್ಲಮ್ಮ?"

"ಇದ್ದೆ ಸರ್."

"ಮತ್ತ?"

ಕೆಲಸ ಹೋಗುತ್ತದೆಂಬ ಹೆದರಿಕೆ ಎಂದೆ. ತಲೆಯಾಡಿಸಿದರು. ಹುಷಾರಾಗಿ ಹೋಗು ಎಂದರು.

ಹೆದರಿಕೆ ನಿಜ. ಆದರೆ ಅದು ಬಂದದ್ದು ಆಮೇಲೆ. ತಪ್ಪು ತನ್ನದೇ ಎಂದು ಆ ಮುದುಕ ಅಳುತ್ತಿದ್ದಾಗ, ಎಲ್ಲಕ್ಕಿಂತ ಮೊದಲು ನನಗೆ ಆದದ್ದು ಸಮಾಧಾನ: ಸದ್ಯ, ಇನ್ನು ನನ್ನನ್ನು ಯಾರೂ ಕೇಳುವುದಿಲ್ಲ.